ಬಣ್ಣದ ಮರೆಯಲ್ಲಿದ್ದ ಬಾಲಕ

ಅಮೆರಿಕಾ ದೇಶದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಸುಮಾರು 1837ರಲ್ಲಿ ರಚಿತವಾದ ತೈಲಚಿತ್ರವೊಂದರಲ್ಲಿ, ಫ್ರೇ ಎಂಬ ಶ್ರೀಮಂತ ವರ್ತಕನ ಮೂವರು ಮಕ್ಕಳ ಹಿಂದೆ ಕೃಷ್ಣವರ್ಣದ ಬಾಲಕನೊಬ್ಬನು ನಿಂತಿರುವನು. ಬೆಲಿಜೇರ್ ಎಂಬ ಈತನು 1828ರಲ್ಲಿ, ಆರನೆಯ ವಯಸ್ಸಿನಲ್ಲಿ, ತಾಯಿಯೊಡನೆ ಕ್ರಯಕ್ಕೆ ಬಂದ ದಾಸನು. ಸುಮಾರು 1900ರ ವೇಳೆಗೆ ಯಾರೋ ಈತನ ರೂಪವನ್ನು ಬಣ್ಣ ಬಳಿದು ಮುಚ್ಚಿದರು. ಪಟವು ಬಹುಕಾಲ ವಸ್ತುಸಂಗ್ರಹಾಲಯದ ಉಗ್ರಾಣದಲ್ಲಿಯೇ ಉಳಿಯಿತು. 2005ರ ತರುವಾಯ ಅದನ್ನು ಶುದ್ಧಿಗೊಳಿಸಲು ಮರೆಯಾದ ಮುಖವು ಹೊರಬಂದಿತು. ಹಳೆಯ ದಾಖಲೆಗಳಿಂದ ಹೆಸರೂ ತಿಳಿದುಬಂದಿತು. 2023ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗ್ರಹಾಲಯವು ಪಡೆದುಕೊಂಡ ಆ ಪಟದ ಶೀರ್ಷಿಕೆಯಲ್ಲಿ ಈಗ ಒಡೆಯನ ಮಕ್ಕಳಿಗಿಂತ ಮೊದಲು ದಾಸನ ಹೆಸರೇ ಇರುವುದು.

ಕುಲದಿಂದ ಮನುಷ್ಯನನ್ನು ಅಳೆಯಲಾಗದೆಂದು ಕಲ್ಯಾಣದ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಸಾರಿದರು. ಮಠಗಳ ಹಳೆಯ ಭಾವಚಿತ್ರಗಳಲ್ಲಿ ಗುರುಗಳ ಪಾರ್ಶ್ವದಲ್ಲಿ ನಿಂತ ಸೇವಕರ ಹೆಸರುಗಳನ್ನು, ಬಲ್ಲ ವೃದ್ಧರಿರುವಾಗಲೇ ಬರೆದಿಡುವುದು ಭಕ್ತರ ಕರ್ತವ್ಯವು.