ಪ್ರಶ್ನೆ ಯಾರದ್ದು? ಭೌತವಿಜ್ಞಾನದ ಪ್ರಯೋಗ ಸ್ಪರ್ಧೆಗಳು ನಡೆದುಬಂದ ದಾರಿ

ಶಾಲಾ ಮಕ್ಕಳಿಗೆ ವಿಜ್ಞಾನದಲ್ಲಿ ಸ್ಪರ್ಧೆ ನಡೆಸುವ ಪರಿಪಾಠ ಹಳೆಯದು. ಹಂಗೇರಿಯಲ್ಲಿ 1894ರಲ್ಲಿ ಗಣಿತಕ್ಕೂ 1916ರಲ್ಲಿ ಭೌತವಿಜ್ಞಾನಕ್ಕೂ ಸ್ಪರ್ಧೆಗಳು ಶುರುವಾದವು. ಮುಂದೆ ಪರಮಾಣು ಸರಪಳಿ ಕ್ರಿಯೆಯ ಕಲ್ಪನೆ ಕೊಟ್ಟ ಲಿಯೋ ಸಿಲಾರ್ಡ್ ಅಲ್ಲಿ ಬಹುಮಾನ ಗೆದ್ದವರು. ಆದರೆ ಅವು ಪೂರ್ತಿ ಕಾಗದ-ಪೆನ್ನಿನ ಸ್ಪರ್ಧೆಗಳು. ಭೌತವಿಜ್ಞಾನ ಬಲ್ಲವರೆಂದರೆ ಲೆಕ್ಕ ಬಿಡಿಸಬಲ್ಲವರು ಎಂಬ ತಿಳಿವಳಿಕೆ ಬಹುಕಾಲ ಹಾಗೆಯೇ ಉಳಿಯಿತು. ಪ್ರಯೋಗ ಸ್ಪರ್ಧೆಗಳು ಅದನ್ನು ಒಂದೊಂದೇ ಹೆಜ್ಜೆಯಾಗಿ ಬದಲಿಸಿದವು, ಮತ್ತು ಪ್ರತಿ ಹೆಜ್ಜೆಯಲ್ಲೂ ಪ್ರಶ್ನೆಯ ಒಡೆತನ ಸ್ವಲ್ಪ ಸ್ವಲ್ಪವಾಗಿ ವಿದ್ಯಾರ್ಥಿಯ ಕೈಗೆ ಬಂತು.

ಮೊದಲ ದೊಡ್ಡ ಹೆಜ್ಜೆ 1967ರಲ್ಲಿ, ಪೋಲೆಂಡಿನ ವಾರ್ಸಾದಲ್ಲಿ. ಪೋಲೆಂಡಿನ ಚೆಸ್ವಾಫ್ ಶ್ಚಿಸ್ವೊಫ್ಸ್ಕಿ, ಚೆಕೊಸ್ಲೊವಾಕಿಯಾದ ರೋಸ್ಟಿಸ್ಲಾವ್ ಕೋಷ್ಟಿಯಾಲ್ ಮತ್ತು ಹಂಗೇರಿಯ ರೆಜೋ ಕುನ್ಫಾಲ್ವಿ ಸೇರಿ ಅಂತರರಾಷ್ಟ್ರೀಯ ಭೌತವಿಜ್ಞಾನ ಒಲಿಂಪಿಯಾಡ್ ಆರಂಭಿಸಿದರು. ಇವರ ದೇಶಗಳ ಜೊತೆಗೆ ಬಲ್ಗೇರಿಯಾ, ರೊಮೇನಿಯಾ ಸೇರಿ ಒಟ್ಟು ಐದೇ ದೇಶಗಳು. ಆದರೂ ಮೊದಲ ವರ್ಷದಿಂದಲೇ ಪ್ರಯೋಗಕ್ಕೆ ಜಾಗವಿತ್ತು. ಈಗಿನ ಪದ್ಧತಿಯಲ್ಲಿ ಸಿದ್ಧಾಂತಕ್ಕೆ ಐದು ಗಂಟೆ, 30 ಅಂಕ. ಪ್ರಯೋಗಕ್ಕೂ ಅಷ್ಟೇ ಹೊತ್ತು, 20 ಅಂಕ. ಎರಡೂ ಬೇರೆ ಬೇರೆ ದಿನ.

ಇಲ್ಲಿ ಉಪಕರಣವೂ ಪ್ರಶ್ನೆಯೂ ಸಂಘಟಕರದ್ದೇ. ವಿದ್ಯಾರ್ಥಿ ತೋರಿಸಬೇಕಾದದ್ದು ಅಳತೆಯ ಶಿಸ್ತು: ಯಾವ ವ್ಯಾಪ್ತಿಯಲ್ಲಿ ರೀಡಿಂಗ್ ತೆಗೆಯಬೇಕು, ಯಾವ ಗ್ರಾಫ್ ಎಳೆದರೆ ಸರಳರೇಖೆ ಸಿಗುತ್ತದೆ, ಬಂದ ಉತ್ತರದಲ್ಲಿ ದೋಷದ ಪ್ರಮಾಣ ಎಷ್ಟು. ಈ ಚೌಕಟ್ಟಿನೊಳಗೇ ಸ್ವಾತಂತ್ರ್ಯ ಕೊಡುವ ಒಂದು ಉಪಾಯ 'ಬ್ಲ್ಯಾಕ್ ಬಾಕ್ಸ್'. 2004ರಲ್ಲಿ ದಕ್ಷಿಣ ಕೊರಿಯಾದ ಪೊಹಾಂಗ್‌ನಲ್ಲಿ ಮಕ್ಕಳಿಗೆ ಮುಚ್ಚಿದ ಒಂದು ಕೊಳವೆ ಕೊಟ್ಟರು. ಒಳಗೆ ಸ್ಪ್ರಿಂಗ್‌ಗಳಿಗೆ ಸಿಕ್ಕಿಸಿದ ಒಂದು ಗುಂಡು. ಕೊಳವೆ ತೆರೆಯದೆ, ಸಮತೋಲನ ನೋಡಿ, ತಿರುಗಿಸಿ, ತೂಗಾಡಿಸಿ ಗುಂಡಿನ ದ್ರವ್ಯರಾಶಿಯನ್ನೂ ಸ್ಪ್ರಿಂಗ್‌ನ ಬಿಗಿತವನ್ನೂ ಕಂಡುಹಿಡಿಯಬೇಕಿತ್ತು. ಕಣ್ಣಿಗೆ ಕಾಣದ್ದನ್ನು ಚಲನೆಯಿಂದ ಊಹಿಸಿ, ಆ ಊಹೆಯನ್ನು ಅಳತೆಯಿಂದ ಖಾತ್ರಿ ಮಾಡಿಕೊಳ್ಳುವುದು ವಿಜ್ಞಾನಿಯ ನಿತ್ಯದ ಕೆಲಸ. ಆ ಕೊಳವೆ ಅದನ್ನೇ ಬೇಡಿತು.

ಭಾರತ ಈ ಒಲಿಂಪಿಯಾಡ್‌ಗೆ ಸೇರಿದ್ದು 1998ರಲ್ಲಿ. ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ತರಬೇತಿಯ ಹೊಣೆ ಹೊತ್ತಿದೆ. 2015ರಲ್ಲಿ ಮುಂಬೈಯೇ ಆತಿಥ್ಯ ವಹಿಸಿತು. ಆ ವರ್ಷದ ಎರಡೂ ಪ್ರಯೋಗಗಳು ಈ ಪರಂಪರೆಯ ಒಳ್ಳೆಯ ಮಾದರಿಗಳು. ಮೊದಲನೆಯದರಲ್ಲಿ ಪುಟ್ಟ ಸ್ಪ್ರಿಂಗ್‌ ಒಂದರ ಮೇಲೆ ಲೇಸರ್ ಬೆಳಕು ಹಾಯಿಸಿದರೆ ಪರದೆಯ ಮೇಲೆ ಓರೆಯಾಗಿ ಒಂದನ್ನೊಂದು ಅಡ್ಡಹಾಯ್ದ ಚುಕ್ಕೆಗಳ ಸಾಲುಗಳು ಮೂಡುತ್ತವೆ. ಚುಕ್ಕೆಗಳ ನಡುವಿನ ಅಂತರದಿಂದಲೂ ಸಾಲುಗಳ ಓರೆಯಿಂದಲೂ ಸುರುಳಿಯ ತ್ರಿಜ್ಯ, ಸುತ್ತಿನಿಂದ ಸುತ್ತಿಗಿರುವ ದೂರ ಲೆಕ್ಕ ಹಾಕಬಹುದು. 1952ರಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಅವರ ಪ್ರಯೋಗಾಲಯದಲ್ಲಿ ತೆಗೆದ ಡಿಎನ್‌ಎ ಕ್ಷಕಿರಣ ಚಿತ್ರದಿಂದ ಸುರುಳಿಯ ಆಕಾರ ತಿಳಿದದ್ದೂ ಇದೇ ತರ್ಕದಿಂದ. ಎರಡನೆಯದರಲ್ಲಿ ನೀರಿನ ಮೇಲೆ ಸಣ್ಣ ಅಲೆಗಳನ್ನೆಬ್ಬಿಸಿ, ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಲೇಸರ್ ಬಿಡಬೇಕು. ಬೆಳಕು ಚದುರಿದ ರೀತಿಯಿಂದ ನೀರಿನ ಮೇಲ್ಮೈ ಎಳೆತವೂ ಸ್ನಿಗ್ಧತೆಯೂ ಸಿಗುತ್ತವೆ. ಅಲೆಯೇ ಬೆಳಕಿಗೆ ಜಾಲರಿಯಾಗುವ ಈ ವಿದ್ಯಮಾನಕ್ಕೆ ಬೆಂಗಳೂರಿನ ನಂಟಿದೆ: ದ್ರವದಲ್ಲಿ ಶಬ್ದದ ಅಲೆಗಳು ಬೆಳಕನ್ನು ಹೇಗೆ ಬಾಗಿಸುತ್ತವೆ ಎಂಬ ಸಿದ್ಧಾಂತವನ್ನು ಸಿ.ವಿ. ರಾಮನ್ ಮತ್ತು ನಾಗೇಂದ್ರನಾಥ್ 1935-36ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದರು.

ಒಲಿಂಪಿಯಾಡ್‌ಗೆ ಒಂದು ಮಿತಿಯಿದೆ. ಎಷ್ಟೇ ಚೆಂದದ ಪ್ರಯೋಗವಾದರೂ ಉತ್ತರ ಪರೀಕ್ಷಕರಿಗೆ ಮೊದಲೇ ಗೊತ್ತು, ಗಂಟೆ ಬಾರಿಸಿದ ಮೇಲೆ ಕೆಲಸ ನಿಲ್ಲಬೇಕು. ಇದನ್ನು ಮುರಿದವರು ಮಾಸ್ಕೊ ವಿಶ್ವವಿದ್ಯಾಲಯದ ಯೆವ್ಗೆನಿ ಯೂನೊಸೊವ್. 1979ರಲ್ಲಿ ಅವರು ಮಾಸ್ಕೊ ಶಾಲೆಗಳಿಗಾಗಿ ಆರಂಭಿಸಿದ ಪಂದ್ಯಾವಳಿ 1988ರಲ್ಲಿ 'ಇಂಟರ್‌ನ್ಯಾಷನಲ್ ಯಂಗ್ ಫಿಸಿಸಿಸ್ಟ್ಸ್ ಟೂರ್ನಮೆಂಟ್' ಆಯಿತು. ಪ್ರತಿ ವರ್ಷ 17 ಸಮಸ್ಯೆಗಳನ್ನು ತಿಂಗಳುಗಳ ಮೊದಲೇ ಪ್ರಕಟಿಸುತ್ತಾರೆ. ಐವರ ತಂಡ ಬೇಕಾದ ಉಪಕರಣ ತಾನೇ ಕಟ್ಟಿಕೊಂಡು ಸಂಶೋಧನೆ ನಡೆಸುತ್ತದೆ.

ಸಮಸ್ಯೆಗಳು ನೋಡಲು ಸರಳ. 2018ರ ಪಟ್ಟಿಯಲ್ಲಿದ್ದ ಒಂದು: ಚೆನ್ನಾಗಿ ತಣಿಸಿದ ಬಾಟಲಿಯ ಬಾಯಿಯ ಮೇಲೆ ನಾಣ್ಯ ಇಟ್ಟರೆ ಅದು ಸದ್ದುಮಾಡುತ್ತ ಕುಣಿಯುತ್ತದೆ, ವಿವರಿಸಿ. ಒಳಗಿನ ಗಾಳಿ ಬಿಸಿಯಾಗಿ ನಾಣ್ಯವನ್ನು ಎತ್ತುತ್ತದೆ ಎನ್ನುವುದು ಯಾರಿಗೂ ಹೊಳೆಯುತ್ತದೆ. ಆದರೆ ಎಷ್ಟು ಹೊತ್ತಿಗೊಮ್ಮೆ ಕುಣಿಯುತ್ತದೆ? ಬಾಯಿಯಂಚಿನ ನೀರಿನ ಪೊರೆ ನಾಣ್ಯವನ್ನು ಎಷ್ಟು ಗಟ್ಟಿಯಾಗಿ ಹಿಡಿದಿದೆ? ಬಾಟಲಿ ದೊಡ್ಡದಾದರೆ ಏನಾಗುತ್ತದೆ? ಇಲ್ಲಿಂದ ಮುಂದೆ ಪಠ್ಯಪುಸ್ತಕ ಸಹಾಯಕ್ಕೆ ಬರುವುದಿಲ್ಲ.

ಪಂದ್ಯದ ಹೆಸರೇ 'ಫಿಸಿಕ್ಸ್ ಫೈಟ್'. ಒಂದು ತಂಡ ತನ್ನ ಫಲಿತಾಂಶ ಮಂಡಿಸುತ್ತದೆ, ಇನ್ನೊಂದು ಅದರ ದೋಷಗಳನ್ನು ಎತ್ತಿ ವಾದಿಸುತ್ತದೆ, ಮೂರನೆಯದು ಇಬ್ಬರನ್ನೂ ತೂಗಿ ನೋಡುತ್ತದೆ. ಮಂಡನೆಯ ಅಂಕಕ್ಕೆ ಮೂರು ಪಟ್ಟು, ಪ್ರತಿವಾದಕ್ಕೆ ಎರಡು ಪಟ್ಟು, ವಿಮರ್ಶೆಗೆ ಒಂದು ಪಟ್ಟು ತೂಕ. ಅಳೆಯುವುದರ ಜೊತೆಗೆ ತನ್ನ ಅಳತೆಯನ್ನು ಸಮರ್ಥಿಸಿಕೊಳ್ಳುವುದು, ಇನ್ನೊಬ್ಬರ ಅಳತೆಯನ್ನು ಗೌರವದಿಂದ ಪ್ರಶ್ನಿಸುವುದು ಕೂಡ ವಿಜ್ಞಾನದ ಭಾಗ ಎಂದು ಶಾಲಾ ಮಟ್ಟದಲ್ಲಿ ಒಪ್ಪಿದ್ದು ಈ ಪಂದ್ಯಾವಳಿಯ ದೊಡ್ಡ ಕೊಡುಗೆ.

ಇನ್ನೂ ಒಂದು ಹೆಜ್ಜೆ ಮುಂದಿಟ್ಟದ್ದು ಯುರೋಪಿನ ಕಣಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್. ಸಂಸ್ಥೆಗೆ 60 ವರ್ಷ ತುಂಬಿದ 2014ರಲ್ಲಿ 'ಬೀಮ್‌ಲೈನ್ ಫಾರ್ ಸ್ಕೂಲ್ಸ್' ಆರಂಭವಾಯಿತು. ಇಲ್ಲಿ ಯಾರೂ ಪ್ರಶ್ನೆ ಕೊಡುವುದಿಲ್ಲ. ವೇಗವರ್ಧಕದ ಕಣಪುಂಜ ಸಿಕ್ಕರೆ ಏನು ಮಾಡುತ್ತೀರಿ ಎಂದು ಕೇಳಿ, ಒಳ್ಳೆಯ ಪ್ರಸ್ತಾವ ಬರೆದವರನ್ನು ಕರೆಸಿ ಆ ಪ್ರಯೋಗ ಮಾಡಿಸುತ್ತಾರೆ. 2018ರಲ್ಲಿ ಗೆದ್ದ ಎರಡು ತಂಡಗಳಲ್ಲಿ ಒಂದು ಮುಂಬೈಯದ್ದು.

ಕೊರೋನಾ ಕಾಲ ಈ ಇಡೀ ಪರಂಪರೆಯನ್ನು ಪರೀಕ್ಷೆಗೆ ಒಡ್ಡಿತು. 2022ರಲ್ಲಿ ಸ್ವಿಟ್ಜರ್‌ಲೆಂಡ್ ಆನ್‌ಲೈನ್‌ನಲ್ಲಿ ನಡೆಸಿದ ಒಲಿಂಪಿಯಾಡ್‌ನಲ್ಲಿ ಪ್ರಯೋಗಗಳು ಕಂಪ್ಯೂಟರ್ ಸಿಮ್ಯುಲೇಶನ್ ಆಗಿದ್ದವು. ಅಂಕಿಅಂಶಗಳ ವಿಶ್ಲೇಷಣೆಯನ್ನು ಅವು ಚೆನ್ನಾಗಿಯೇ ಅಳೆದವು. ಆದರೆ ಸಡಿಲವಾದ ತಂತಿ, ನಡುಗುವ ಮೇಜು, ಕೈತಪ್ಪಿದ ಜೋಡಣೆ ಅಲ್ಲಿ ಬರುವುದಿಲ್ಲ. ನಿಜವಾದ ಪ್ರಯೋಗದ ಅರ್ಧ ಬುದ್ಧಿ ಖರ್ಚಾಗುವುದು ಅವನ್ನು ಪತ್ತೆಹಚ್ಚುವುದರಲ್ಲೇ. 2023ರಲ್ಲಿ ಟೋಕಿಯೊದಲ್ಲಿ ಮಕ್ಕಳು ಮತ್ತೆ ಉಪಕರಣಗಳ ಮುಂದೆ ಕುಳಿತದ್ದು ಅದಕ್ಕಾಗಿಯೇ ಮುಖ್ಯ.

ನಮ್ಮಲ್ಲಿ? 2018ರ ಲಿಸ್ಬನ್ ಒಲಿಂಪಿಯಾಡ್‌ನಲ್ಲಿ ಭಾರತದ ಐವರಿಗೂ ಚಿನ್ನ ಬಂತು. ಪ್ರಾಧ್ಯಾಪಕ ಎಚ್.ಸಿ. ವರ್ಮಾ ಅವರ ಮುಂದಾಳತ್ವದ 'ಅನ್ವೇಷಿಕಾ' ಕೇಂದ್ರಗಳು ಪ್ರಯೋಗ ಕೌಶಲಕ್ಕೆಂದೇ ರಾಷ್ಟ್ರಮಟ್ಟದ ಪರೀಕ್ಷೆ ನಡೆಸುತ್ತವೆ. ಮೈಸೂರಿನಲ್ಲಿ ನೆಲೆಸಿದ ಪ್ರಾಧ್ಯಾಪಕ ಆರ್. ಶ್ರೀನಿವಾಸನ್ ಕಡಿಮೆ ಖರ್ಚಿನ ಪ್ರಯೋಗ ಕಿಟ್ ರೂಪಿಸಿ ದೇಶದ ಕಾಲೇಜು ಅಧ್ಯಾಪಕರಿಗೆ ತರಬೇತಿ ಕೊಟ್ಟರು. ಶಿಖರದಲ್ಲಿ ನಮಗೆ ಕೊರತೆಯಿಲ್ಲ. ಕೊರತೆ ಇರುವುದು ಬುಡದಲ್ಲಿ. ದ್ವಿತೀಯ ಪಿಯುಸಿಯಲ್ಲಿ ಭೌತವಿಜ್ಞಾನದ ಪ್ರಾಕ್ಟಿಕಲ್‌ಗೆ 30 ಅಂಕಗಳಿವೆ. ಆದರೆ ಅದು ಬಹುಪಾಲು 1967ರ ವಾರ್ಸಾಕ್ಕಿಂತ ಹಿಂದೆಯೇ ನಿಂತಿದೆ: ಪ್ರಯೋಗ ಮೊದಲೇ ಗೊತ್ತು, ಉತ್ತರವೂ ಗೊತ್ತು, ಉತ್ತರಕ್ಕೆ ತಕ್ಕಂತೆ ರೀಡಿಂಗ್ ಹೊಂದಿಸುವ ಆಸೆ ಸಹಜವಾಗಿಯೇ ಹುಟ್ಟುತ್ತದೆ.

ಇದನ್ನು ಬದಲಿಸಲು ವೇಗವರ್ಧಕ ಬೇಡ. ಆ 30ರಲ್ಲಿ ಐದು ಅಂಕವನ್ನು ಉತ್ತರ ಬರೆದಿಡದ ಒಂದು ಪ್ರಶ್ನೆಗೆ ಮೀಸಲಿಡಬಹುದು. ಜಿಲ್ಲೆಗೊಂದರಂತೆ ಕನ್ನಡದಲ್ಲೇ ಫಿಸಿಕ್ಸ್ ಫೈಟ್ ನಡೆಸಬಹುದು. ಬೇಕಾದದ್ದು ಒಂದು ಬಾಟಲಿ, ಒಂದು ನಾಣ್ಯ, ಮತ್ತು 'ನನಗೂ ಗೊತ್ತಿಲ್ಲ, ಅಳೆದು ನೋಡೋಣ' ಎನ್ನಲು ಅಂಜದ ಮೇಷ್ಟ್ರು.