ನಾನೂರು ಗಜದ ದಾರಿಯಲ್ಲಿ ಸಿಕ್ಕಿಬಿದ್ದ ಸಂದೇಶ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ನೆರೆಯ ವಿಶ್ವವಿದ್ಯಾಲಯಕ್ಕೂ ನಡುವಣ ಅಂತರ ಸುಮಾರು 400 ಗಜ. ಎರಡೂ ಕಡೆಯ ಕಂಪ್ಯೂಟರುಗಳ ನಡುವೆ ಸೆಕೆಂಡಿಗೆ 32 ಸಾವಿರ ಬಿಟ್‌ಗಳಂತೆ ಹರಿಯುತ್ತಿದ್ದ ಮಾಹಿತಿ 1986ರ ಅಕ್ಟೋಬರ್‌ನಲ್ಲಿ ಇದ್ದಕ್ಕಿದ್ದಂತೆ 40 ಬಿಟ್‌ಗೆ ಇಳಿಯಿತು. ಇಂಗ್ಲಿಷಿನ ಒಂದು ಅಕ್ಷರಕ್ಕೆ 8 ಬಿಟ್ ಬೇಕು; ಎಂದರೆ ಸೆಕೆಂಡಿಗೆ ಐದೇ ಅಕ್ಷರ. ಎರಡು ಸಾವಿರ ಅಕ್ಷರಗಳ ಒಂದು ಪುಟಕ್ಕೆ ಆರೂವರೆ ನಿಮಿಷಕ್ಕೂ ಹೆಚ್ಚು. ಪುಟವನ್ನು ಕೈಯಲ್ಲಿ ಹಿಡಿದು ನಡೆದುಹೋದವನೇ ಮೊದಲು ಮುಟ್ಟುತ್ತಿದ್ದ!

ಇಂಥಲ್ಲಿ ಯಾರಿಗೂ ಮೊದಲು ಅನುಮಾನ ಬರುವುದು ತಂತಿಯ ಮೇಲೆ. ಪ್ರಯೋಗಾಲಯದ ವ್ಯಾನ್ ಜೇಕಬ್‌ಸನ್ ಮತ್ತು ವಿಶ್ವವಿದ್ಯಾಲಯದ ಮೈಕ್ ಕ್ಯಾರೆಲ್ಸ್ ಹುಡುಕುತ್ತ ಹೋದಾಗ ಕಂಡದ್ದೇ ಬೇರೆ. ತಂತಿ ದುಡಿಯುತ್ತಲೇ ಇತ್ತು. ಆದರೆ ಹೊತ್ತದ್ದನ್ನೇ ಮತ್ತೆ ಮತ್ತೆ ಹೊರುತ್ತಿತ್ತು.

ಕಟ್ಟಡದೊಳಗಿನ ಈಥರ್‌ನೆಟ್ ಜಾಲದ ವೇಗ ಸೆಕೆಂಡಿಗೆ ಒಂದು ಕೋಟಿ ಬಿಟ್. ಹೊರಗಿನ ಅರ್ಪಾನೆಟ್ ಜಾಲದ ಮಾರ್ಗಗಳದ್ದು ಬರೀ 56 ಸಾವಿರ. ಎರಡೂ ಕೂಡುವಲ್ಲಿ ನಿಂತು ಮಾಹಿತಿಯ ಪೊಟ್ಟಣಗಳನ್ನು ದಾಟಿಸುವ ಯಂತ್ರವೇ ರೌಟರ್. ಸಾಲು ಬೆಳೆದು ಜಾಗ ತುಂಬಿದರೆ ಅದು ಮಿಕ್ಕ ಪೊಟ್ಟಣಗಳನ್ನು ಬಿಸಾಡುತ್ತದೆ. ಸ್ವೀಕೃತಿ ಬರಲಿಲ್ಲವೆಂದು ಕಳಿಸಿದ ಕಂಪ್ಯೂಟರ್ ಅವನ್ನೇ ಮತ್ತೆ ಕಳಿಸುತ್ತದೆ. ರಿಜಿಸ್ಟರ್ಡ್ ಪತ್ರದ ಸ್ವೀಕೃತಿ ಬರಲಿಲ್ಲವೆಂದು ಊರವರೆಲ್ಲ ದಿನವೂ ಅದೇ ಪತ್ರ ಹಾಕಿದರೆ ಅಂಚೆ ಚೀಲದ ಗತಿ ಏನಾದೀತು? ಇಂಥ ಕುಸಿತ ಸಂಭವಿಸಬಹುದೆಂದು ಜಾನ್ ನೇಗಲ್ 1984ರಲ್ಲೇ ಬರೆದು ಎಚ್ಚರಿಸಿದ್ದರು.

ಹೊಸ ತಂತಿ ಎಳೆಯದೆಯೇ ಜೇಕಬ್‌ಸನ್ ಮದ್ದು ಕಂಡುಕೊಂಡರು. ಮೊದಲು ಒಂದೇ ಪೊಟ್ಟಣ ಕಳಿಸು. ಸ್ವೀಕೃತಿ ಬಂದರೆ ಎರಡು, ಆಮೇಲೆ ನಾಲ್ಕು. ಬಾರದಿದ್ದರೆ ದಾರಿಯಲ್ಲಿ ದಟ್ಟಣೆಯಿದೆ ಎಂದು ತಿಳಿದು ಮತ್ತೆ ಒಂದರಿಂದ ತೊಡಗು. ಹಿಂದೆ ಎಡವಿದ ಮಟ್ಟದ ಅರ್ಧಕ್ಕೆ ಬಂದ ಮೇಲೆ ಹುಷಾರಾಗಿ ಒಂದೊಂದೇ ಹೆಚ್ಚಿಸು. ಎಷ್ಟು ಹೊತ್ತು ಕಾಯಬೇಕೆಂಬ ಲೆಕ್ಕವನ್ನೂ ಅವರು ತಿದ್ದಿದರು. ಈ ಕ್ರಮಕ್ಕೆ 'ನಿಧಾನ ಆರಂಭ' ಎಂದು ಹೆಸರು. ಪ್ರತಿ ಸುತ್ತಿಗೂ ಇಮ್ಮಡಿಯಾಗುವುದನ್ನು ನಿಧಾನವೆನ್ನುವುದು ತಮಾಷೆಯೇ ಸರಿ.

ತೊಡಕಿದ್ದದ್ದು ಬೇರೆಡೆ. ಈ ಜಾಲಕ್ಕೆ ಪೊಲೀಸರಿಲ್ಲ. ಎಲ್ಲರೂ ತಗ್ಗಿ ನಡೆಯುವಾಗ ಒಬ್ಬ ನುಗ್ಗಿದರೆ ಲಾಭ ಅವನಿಗೇ. ಆದ್ದರಿಂದ ಮದ್ದು ಪ್ರತಿಯೊಂದು ಕಂಪ್ಯೂಟರಿಗೂ ತಲುಪಬೇಕಿತ್ತು. ಹಲವು ವಿಶ್ವವಿದ್ಯಾಲಯಗಳು ಬಳಸುತ್ತಿದ್ದ ಬರ್ಕ್ಲಿ ಯುನಿಕ್ಸ್ ತಂತ್ರಾಂಶದ 1988ರ ಆವೃತ್ತಿಯಲ್ಲಿ ಅದನ್ನು ಸೇರಿಸಲಾಯಿತು. 1989ರ ಅಕ್ಟೋಬರ್‌ನಲ್ಲಿ ಹೊರಬಂದ ಇಂಟರ್‌ನೆಟ್ ನಿಯಮಾವಳಿ ಅದನ್ನು ಕಡ್ಡಾಯ ಮಾಡಿತು. ನಿಯಮ ಮೀರಿದವರಿಗೆ ದಂಡವೇನೂ ಅದರಲ್ಲಿ ಇರಲಿಲ್ಲ.