ಕೋಳಿ ಎಲ್ಲಿ ಮಲಗ್ತಿತ್ತು?

ನಮ್ಮೂರ ಇತಿಹಾಸ ಕೇಳಿದ್ರೆ ಎಲ್ಲರೂ ಕೆರೆ ಕಡೆಗೇ ಕೈ ತೋರಿಸ್ತಾರೆ. ಬುಕ್ಕಾಂಬುಧಿ ಅನ್ನೋ ಹೆಸರಲ್ಲೇ ಕೆರೆ ಐತಲ್ಲ, ಅಂಬುಧಿ ಅಂದ್ರೆ ಸಮುದ್ರ. ಅದಾದ್ಮೇಲೆ ಬೆಟ್ಟ, ಗುಡಿ, ಅರಸರ ಮಾತು. ಹಿತ್ತಲಿನ ಇತಿಹಾಸ ಕೇಳೋರು ಕಮ್ಮಿ. ಈ ಸಲ ನಾನು ಅದನ್ನೇ ಬರೀತೀನಿ: ನಮ್ಮ ಮನೆಗಳಲ್ಲಿ ಕೋಳಿ ರಾತ್ರಿ ಎಲ್ಲಿ ಮಲಗ್ತಿತ್ತು, ಬಿಸಿಲು ಹೊತ್ತಲ್ಲಿ ಎಲ್ಲಿ ನಿಲ್ತಿತ್ತು ಅಂತ. ಕೋಳಿ ಸಾಕದ ಮನೆಗಳೂ ನಮ್ಮೂರಲ್ಲಿ ಅವೆ, ಅವರೂ ಓದಬಹುದು. ಇದು ಮನೆ ಕಟ್ಟೋ ಕಥೆನೂ ಹೌದು.

ಕೇಳೋಕೆ ಸಣ್ಣ ವಿಷಯ. ಆದ್ರೆ ಯುಗಾದಿ ಕಳೆದು ಬಿಸಿಲು ಏರಿದ ಮೇಲೆ, ಬೆಳಿಗ್ಗೆ ಚೆನ್ನಾಗಿ ಕಾಳು ತಿಂದ ಕೋಳಿ ಮಧ್ಯಾಹ್ನ ರೆಕ್ಕೆ ಇಳಿಬಿಟ್ಟು, ಬಾಯಿ ತೆರೆದು ತೇಕಿ, ಸಂಜೆಗೆ ಸತ್ತು ಬಿದ್ದಿರೋದನ್ನ ನೀವೂ ಕಂಡಿದ್ದೀರಿ. "ಈಗಿನ ಬಿಸಿಲೇ ಹಂಗೆ ಕಣಕ್ಕ" ಅಂದು ಸುಮ್ಮನಾಗ್ತೀವಿ. ಬಯಲುಸೀಮೆ ಅಂಚಿನ ಊರು ನಮ್ಮದು, ಬೇಸಿಗೆ ನಮ್ಮ ಅಜ್ಜಿಯರಿಗೂ ಹೊಸದಾಗಿರಲಿಲ್ಲ. ಬಿಸಿಲಿನ ಜೊತೆ ಇನ್ನೊಂದೂ ಬದಲಾಯ್ತು. ಅದು ಕೋಳಿಯ ಮನೆ.

ಕಾಡಿನ ಹಕ್ಕಿ

ಮೊದಲಿಗೆ ಕೋಳಿ ಎಲ್ಲಿಂದ ಬಂತು ಅಂತ ತಿಳ್ಕೊಂಡ್ರೆ ಮುಂದಿನದು ಸಲೀಸು. ಊರುಕೋಳಿಗಳಿಗೆಲ್ಲ ಮೂಲ ಕೆಂಪು ಕಾಡುಕೋಳಿ. ಸಿಂಧೂ ಬಯಲಿನವರೇ ಮೊದಲು ಸಾಕಿದವರು ಅಂತ ಹಳೇ ಪುಸ್ತಕಗಳಲ್ಲಿ ಇರ್ತಿತ್ತು. 2022ರಲ್ಲಿ ಬಂದ ಸಂಶೋಧನೆ ಬೇರೆ ಹೇಳ್ತು. ಥಾಯ್ಲೆಂಡಿನ ಬಾನ್ ನಾನ್ ವಾಟ್ ಅನ್ನೋ ಕಡೆ ಸಿಕ್ಕ ಮೂಳೆಗಳೇ ಸಾಕುಕೋಳಿಯ ಅತಿ ಹಳೇ ಗುರುತು, ಕ್ರಿ.ಪೂ. 1650ರಿಂದ 1250ರ ನಡುವಿನವು ಅಂತ. ಭತ್ತ, ಸಿರಿಧಾನ್ಯ ಬೆಳೆಯೋ ಹೊಲಗಳ ಕಾಳಿನ ಆಸೆಗೆ ಕಾಡಿಂದ ಇಳಿದು ಬಂದು ಊರು ಸೇರಿದ ಹಕ್ಕಿ ಇದು.

ಇದರಲ್ಲಿ ನಮ್ಮ ಸೀಮೆಗೂ ಒಂದು ಪಾಲು ಐತೆ. ಕೆಮ್ಮಣ್ಣುಗುಂಡಿ, ಭದ್ರಾ ಕಾಡಿನ ಕಡೆ ಹೋದವರು ಬೂದು ಬಣ್ಣದ ಕಾಡುಕೋಳಿ ನೋಡಿರ್ತೀರಿ. ಅದು ಭಾರತ ಬಿಟ್ಟು ಬೇರೆಲ್ಲೂ ಇಲ್ಲದ ಜಾತಿ. ಸಾಕುಕೋಳಿಗಳ ಕಾಲಿನ, ಚರ್ಮದ ಹಳದಿ ಬಣ್ಣ ಬಂದದ್ದು ಈ ಬೂದು ಕಾಡುಕೋಳಿ ಕಡೆಯಿಂದ ಅಂತ 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ಅಂದ್ರೆ ಯಾವ ದೇಶದ ಹಳದಿ ಕಾಲಿನ ಕೋಳಿ ನೋಡಿದ್ರೂ ಅದು ನಮಗೆ ದೂರದ ನೆಂಟರೇ.

ಈ ಕಾಡುಕೋಳಿ ಹಗಲು ಪೊದೆ ನೆರಳಲ್ಲಿ ತರಗೆಲೆ ಕೆದಕುತ್ತೆ, ರಾತ್ರಿ ಕೊಂಬೆ ಹತ್ತಿ ಕೂರುತ್ತೆ. ನಡು ಮಧ್ಯಾಹ್ನ ಬಟಾಬಯಲಲ್ಲಿ ನಿಂತು ಅದಕ್ಕೆ ಅಭ್ಯಾಸ ಇಲ್ಲ. ಅದರ ಮೈ ಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ನಮ್ಮ ಹಂಗೆ ಬೆವರೋಕೆ ಬರಲ್ಲ, ಬೆವರಿನ ಗ್ರಂಥಿನೇ ಇಲ್ಲ. ಬಾಯಿ ತೆರೆದು ತೇಕಿದಾಗ ಗಂಟಲ ತೇವ ಆರಿ ಒಂದಿಷ್ಟು ಬಿಸಿ ಹೋಗಬೇಕು, ಜುಟ್ಟಿನಿಂದ, ಕಾಲಿನಿಂದ ಒಂದಿಷ್ಟು ಹೋಗಬೇಕು, ಅಷ್ಟೇ ದಾರಿ. ಚಳಿಗೆ ಮಾತ್ರ ಪುಕ್ಕ ಉಬ್ಬಿಸಿ, ಕಾಲು ಮಡಚಿ ಕೂತ್ರೆ ಸಾಕು. ಕಂಬಳಿ ಹೊದ್ದೇ ಹುಟ್ಟಿದ ಹಕ್ಕಿ, ಬೇಸಿಗೆಯಲ್ಲಿ ಆ ಕಂಬಳಿ ತೆಗೆದಿಡೋಕೆ ಆಗಲ್ಲ. ಅದಕ್ಕೇ ನಮ್ಮ ಕಡೆ ದೊಡ್ಡ ಕೋಳಿಗೆ ಚಳಿಗಿಂತ ಬಿಸಿಲೇ ಶತ್ರು. ಚಳಿಗೆ ಸಾಯೋದು ಮರಿಗಳು.

ಒಲೆ ಮನೆಯ ಕೋಳಿ

ಅರಸರ ಕಾಲದ ಬರಹದಲ್ಲಿ ಕೋಳಿ ಇಲ್ಲ ಅಂತಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೇ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ಮಾಡಿದ 'ಮಾನಸೋಲ್ಲಾಸ'ದಲ್ಲಿ ಕೋಳಿ ಅಂಕಕ್ಕೇ ಒಂದು ಭಾಗ ಐತೆ. ಅದು ಜಗಳ ಆಡೋ ಹುಂಜದ ಮಾತು. ಮೊಟ್ಟೆ ಮೇಲೆ ಕೂತ ಹ್ಯಾಟೆ, ಅದನ್ನ ಕೂರಿಸಿದ ಹೆಂಗಸು, ಇವರ ಸುದ್ದಿ ನಮಗೆ ಉಳಿದಿರೋದು ಬಾಯಿಮಾತಲ್ಲಿ.

ಆ ಬಾಯಿಮಾತಲ್ಲೇ ಒಂದು ಕಥೆ ನಿಮಗೆಲ್ಲ ಗೊತ್ತು. ಒಬ್ಬ ಅಜ್ಜಿ ಹತ್ರ ಒಂದು ಹುಂಜ, ಒಂದು ಅಗ್ಗಿಷ್ಟಿಕೆ. ತನ್ನ ಹುಂಜ ಕೂಗಿದ್ರೇ ಊರಿಗೆ ಬೆಳಗು, ತನ್ನ ಕೆಂಡ ಇದ್ರೇ ಊರಿಗೆ ಒಲೆ ಅಂತ ಜಂಬ ಮಾಡಿ ಎರಡನ್ನೂ ಎತ್ತಿಕೊಂಡು ಕಾಡಿಗೆ ಹೋದಳು, ಊರಿಗೆ ಬೆಳಗೂ ಆಯ್ತು, ಒಲೆಯೂ ಉರೀತು. ನಾವು ಅಜ್ಜಿ ಜಂಬಕ್ಕೆ ನಕ್ಕು ಬಿಡ್ತೀವಿ. ನನಗೆ ಮಾತ್ರ ಕೋಳಿ ಮತ್ತು ಕೆಂಡ ಒಂದೇ ಮನೆಯಲ್ಲಿ, ಒಬ್ಬಳೇ ಹೆಂಗಸಿನ ಕೈಯಲ್ಲಿ ಇದ್ವು ಅನ್ನೋದು ಕಾಣುತ್ತೆ. ಕೋಳಿ ಮನೆಯೊಳಗಿನ ಜೀವವಾಗಿತ್ತು.

ಮಣ್ಣಿನ ಗೋಡೆಯ ಮನೆ ನೆನಪಿರೋರು ಹೇಳಿ: ಜಗಲಿ ಕೆಳಗೆ ಗೋಡೆಯಲ್ಲೇ ಬಿಟ್ಟ ಕೋಳಿಗೂಡು, ಅದರ ಬಾಯಿಗೆ ಒಂದು ಹಲಗೆ, ಹಲಗೆಗೆ ಒತ್ತಾಗಿ ಒಂದು ಗುಂಡುಕಲ್ಲು. ಗೂಡು ಇಲ್ಲದ ಮನೆಯಲ್ಲಿ ಮಂಕರಿ ಕವುಚಿ ಮೇಲೆ ಕಲ್ಲು ಇಡ್ತಿದ್ರು. ಕೆಲವು ಕೋಳಿ ಕೊಟ್ಟಿಗೆ ತೊಲೆ ಮೇಲೆ, ಗಾಡಿ ಮೂಕಿ ಮೇಲೆ ಕೂರ್ತಿದ್ವು. ಕಾಡುಬೆಕ್ಕು, ಮುಂಗುಸಿ ಕಾಟಕ್ಕೆ ಈ ಏರ್ಪಾಡು ಅಂತ ಅಂದುಕೊಂಡಿದ್ವಿ. ಅದೂ ಹೌದು. ಜೊತೆಗೆ ಎರಡು ಅಡಿ ದಪ್ಪದ ಮಣ್ಣಿನ ಗೋಡೆ ಹಗಲ ಬಿಸಿಯನ್ನ ಒಳಗೆ ಬಿಡೋಕೆ ತಡ ಮಾಡುತ್ತೆ, ರಾತ್ರಿ ಅದನ್ನೇ ಮೆಲ್ಲಗೆ ಒಳಗೆ ಬಿಡುತ್ತೆ. ಕೊಟ್ಟಿಗೆಯಲ್ಲಿ ದನದ ಮೈಬಿಸಿ, ಒಳಗೆ ಒಲೆ ಬಿಸಿ. ಚಳಿಗಾಲಕ್ಕೆ ಅಂತ ಬೇರೆ ಏನೂ ಮಾಡ್ಬೇಕಿರಲಿಲ್ಲ.

ಕಾವಿಗೆ ಕೂರಿಸೋದು ಅಡುಗೆ ಮನೆ ಮೂಲೆಯಲ್ಲಿ. ಹಳೇ ಮಂಕರಿಗೆ ಬೂದಿ ಇಲ್ಲಾ ಮರಳು, ಅದರ ಮೇಲೆ ಹುಲ್ಲು, ಮೊಟ್ಟೆ ಸಂದಿಯಲ್ಲಿ ಒಂದು ಕಬ್ಬಿಣದ ಚೂರು, ಒಂದು ಇದ್ದಿಲು. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಕಬ್ಬಿಣ. ಅದು ನಂಬಿಕೆ, ಇರಲಿ. ಬೂದಿ ಮಾತ್ರ ಹೇನಿಗೆ ನಿಜವಾದ ಮದ್ದು. 21 ದಿನ ಅಲ್ಲಿ ಗಾಳಿ ಬೀಸಲ್ಲ, ಹೊಗೆಗೆ ಸೊಳ್ಳೆ ಬರಲ್ಲ, ನೆಲ ತೇವ ಆಗಲ್ಲ. ಈಜಿಪ್ಟಿನವರು ಹಳೇ ಕಾಲದಲ್ಲಿ ಮಣ್ಣಿನ ಗೂಡು ಕಟ್ಟಿ, ಸಗಣಿ ಬೆಂಕಿ ಹಾಕಿ ಸಾವಿರಗಟ್ಟಲೆ ಮರಿ ಮಾಡಿಸ್ತಿದ್ರಂತೆ. ಮೊಟ್ಟೆ ಬಿಸಿ ಎಷ್ಟೈತೆ ಅಂತ ಕಣ್ಣರೆಪ್ಪೆಗೆ ಒತ್ತಿ ನೋಡ್ತಿದ್ರಂತೆ. ನಮ್ಮಜ್ಜಿ ಕೆನ್ನೆಗೆ ಒತ್ತಿ ನೋಡ್ತಿದ್ಲು.

ಎರಡು ಗಾಳಿ

ನಮ್ಮ ಕಡೆ ಗಾಳಿ ಎರಡು. ಮಳೆಗಾಲದಲ್ಲಿ ಪಡುವಲ ಗಾಳಿ, ಅದರ ಜೊತೆ ಬಿಡದ ಜಡಿ. ಚಳಿಗಾಲದಲ್ಲಿ ಮೂಡಲ ಗಾಳಿ, ಒಣಗಿದ್ದು, ತುಟಿ ಒಡೆಯೋದು. ದೊಡ್ಡ ಕೋಳಿ ಒಣ ಚಳಿ ತಡೆಯುತ್ತೆ. ತಡೆಯದೇ ಇರೋದು ಒದ್ದೆ ಮೈಗೆ ಬೀಸೋ ಗಾಳಿ. ಪುಕ್ಕ ಒದ್ದೆ ಆದ್ರೆ ಕಂಬಳಿ ಇದ್ದೂ ಇಲ್ಲದ ಹಂಗೆ. ಅದಕ್ಕೇ ಹಿಂದಿನವರು ಜಡಿಗಾಲದಲ್ಲಿ ಮರಿ ಮಾಡಿಸೋಕೆ ಹಿಂದೆಮುಂದೆ ನೋಡ್ತಿದ್ರು, ದೀಪಾವಳಿ ಕಳೀಲಿ ಅಂತಿದ್ರು. ಆಗ ಸುಗ್ಗಿಯ ಕಾಳು ಕಣದಲ್ಲಿ ಉದುರಿರ್ತಿತ್ತು, ಬೇಸಿಗೆ ಹೊತ್ತಿಗೆ ಮರಿ ಬಲಿತಿರ್ತಿದ್ವು.

ಬೇಸಿಗೆಗೆ ಹಿತ್ತಲು ಇತ್ತು. ನುಗ್ಗೆ, ಸೀಬೆ, ಹೊಂಗೆ, ಬೇಲಿ ಸಾಲಿನ ಪೊದೆ, ಬಚ್ಚಲ ನೀರು ಹರಿಯೋ ಜಾಗದ ಬಾಳೆ ಬುಡ. ಆ ಬಾಳೆ ಬುಡದ ತಣ್ಣನೆ ಮಣ್ಣಲ್ಲಿ ಕೋಳಿ ಗುಳಿ ತೋಡಿ ಮಧ್ಯಾಹ್ನ ಪೂರ್ತಿ ಮಲಗ್ತಿತ್ತು. ಬೂದಿಗುಂಡಿಯಲ್ಲಿ ಹೊರಳಾಡ್ತಿತ್ತು. ಯಾರೂ ಅದಕ್ಕೆ ನೆರಳು ಮಾಡಿಕೊಡಲಿಲ್ಲ, ಮನೆಗೆ ಅಂತ ಮಾಡಿದ್ದ ನೆರಳಲ್ಲಿ ಅದಕ್ಕೂ ಪಾಲು ಸಿಕ್ತು.

ಸೆರಗಿನ ಗಂಟು

ಇದು ಬರೀ ಕೋಳಿ ಸುಖದ ಮಾತಲ್ಲ. ಹೊಲದ ದುಡ್ಡು ಗಂಡಸರ ಕೈಗೆ, ಹಾಲಿನ ದುಡ್ಡು ಮನೆ ಖರ್ಚಿಗೆ. ಮೊಟ್ಟೆ, ಮರಿ ಮಾರಿದ ದುಡ್ಡು ಮಾತ್ರ ಸೆರಗಿನ ಗಂಟಿಗೆ, ಇಲ್ಲಾ ಸಾಸಿವೆ ಡಬ್ಬಿಗೆ. ಯಾರನ್ನೂ ಕೇಳದೆ ಮಗಳಿಗೆ ಬಳೆ ತೊಡಿಸೋ ದುಡ್ಡು ಅದು, ತವರಿಗೆ ಹೋಗೋ ಬಸ್ಸಿನ ದುಡ್ಡು. ಕೋಳಿ ಇಲ್ಲದ ಬಡವಿಗೆ ಹ್ಯಾಟೆಯನ್ನ ಪಾಲಿಗೆ ಕೊಡೋರು, ಮರಿಯಲ್ಲಿ ಅರ್ಧ ಅವಳಿಗೆ, ಅರ್ಧ ಒಡತಿಗೆ. ಎರಡು ವರ್ಷದಲ್ಲಿ ಅವಳಿಗೂ ಸ್ವಂತ ಕೋಳಿ ಆಗ್ತಿತ್ತು. ಬ್ಯಾಂಕು, ಸಂಘ ಬರೋಕೆ ಮುಂಚೆ ನಮ್ಮ ಹೆಂಗಸರ ಸಾಲ-ಉಳಿತಾಯ ನಡೆದಿದ್ದು ಹಿಂಗೆ. ಹಂಗಾಗಿ ಬಿಸಿಲಿಗೆ ಒಂದು ಹ್ಯಾಟೆ ಸತ್ರೆ ಸಾರಿಗೆ ಕೋಳಿ ಹೋಯ್ತು ಅಂತ ಅಷ್ಟೇ ಅಲ್ಲ, ಗಂಟು ಬಿಚ್ಚಿ ಹೋಯ್ತು ಅಂತ.

ಏನು ಬದಲಾಯ್ತು

ಮಂಗಳೂರು ಹೆಂಚಿನಿಂದ ಕೋಳಿಗೆ ಕೆಟ್ಟದೇನೂ ಆಗಲಿಲ್ಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಲ್ಲಿ ಶುರು ಮಾಡಿದ ಆ ಹೆಂಚಿನ ಸಂದಿಯಲ್ಲಿ ಬಿಸಿಗಾಳಿ ಮೇಲಕ್ಕೆ ಹೋಗಿಬಿಡುತ್ತೆ. ಕೆಟ್ಟದ್ದು ಆಮೇಲೆ. ಆರ್‌ಸಿಸಿ ಮನೆ ಬಂತು, ಗೋಡೆ ತೆಳುವಾಯ್ತು, ಗೋಡೆಯೊಳಗಿನ ಗೂಡು ಹೋಯ್ತು. ಗ್ಯಾಸ್ ಬಂದು ಒಲೆ, ಬೂದಿ ಎರಡೂ ಹೋದ್ವು. ಟ್ರ್ಯಾಕ್ಟರ್ ಬಂದು ಎತ್ತು, ಕೊಟ್ಟಿಗೆ ಹೋದ್ವು. ಕೋಳಿಯನ್ನ ಹೊರಗೆ ಹಾಕಿದ್ದು ಶುಚಿ ಲೆಕ್ಕದಲ್ಲಿ ಒಳ್ಳೇದೇ. ಆದ್ರೆ ಹೊರಗೆ ಅದಕ್ಕೆ ಸಿಕ್ಕಿದ್ದು ನಾಲ್ಕು ಕಂಬ, ಜಾಲರಿ, ಮೇಲೊಂದು ಶೀಟು. ಶೀಟು ಹಗಲು ಕಾದ ಬಾಣಲೆ. ರಾತ್ರಿ ಬೇಗ ತಣ್ಣಗಾಗಿ, ಚಳಿಗಾಲದಲ್ಲಿ ಒಳಗಡೆ ಹನಿ ಕಟ್ಟಿ ಕೋಳಿ ಬೆನ್ನ ಮೇಲೇ ಬೀಳುತ್ತೆ.

ಕೋಳಿನೂ ಬದಲಾಯ್ತು. ಹೆಸರಘಟ್ಟದ ಸರ್ಕಾರಿ ಕೋಳಿ ಫಾರಂ, ಬಿಳಿ ಲೆಗ್‌ಹಾರ್ನ್ ಕಾಲ ಒಂದಾಯ್ತು. 1980ರ ದಶಕದ ಕೊನೆಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಿತ್ತಲಿಗೆ ಅಂತಲೇ ಗಿರಿರಾಜ ಕೊಟ್ರು, 2005ರಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದಿಂದ ಸ್ವರ್ಣಧಾರಾ ಬಂತು. ನಾಟಿ ಕೋಳಿ ವರ್ಷಕ್ಕೆ 50–60 ಮೊಟ್ಟೆ ಇಟ್ರೆ ಗಿರಿರಾಜ 130–150 ಇಡುತ್ತೆ. ಸೆರಗಿನ ಗಂಟಿಗೆ ಇದು ದೊಡ್ಡ ಉಪಕಾರ. ಆದ್ರೆ ತೂಕದ ಕೋಳಿಗೆ ಬಿಸಿಲು ಇನ್ನೂ ಕಷ್ಟ, ಕಾವಿಗೂ ಅದು ಸಾಮಾನ್ಯವಾಗಿ ಕೂರಲ್ಲ. ಮರಿಗೆ ಅವ್ವನ ರೆಕ್ಕೆ ಬದಲು ಬಲ್ಬೇ ಗತಿ.

ಹಿಂದಿನದೆಲ್ಲ ಚಿನ್ನ ಅಂತ ನಾನು ಹೇಳಲ್ಲ. ಕೊಕ್ಕರೆ ರೋಗ ಬಂದ್ರೆ ವಾರದಲ್ಲಿ ಕೇರಿ ಖಾಲಿ ಆಗ್ತಿತ್ತು. 1927ರಲ್ಲಿ ಉತ್ತರದ ರಾಣಿಖೇತದಲ್ಲಿ ಗುರುತಿಸಿದ್ದಕ್ಕೆ ಅದಕ್ಕೆ ರಾಣಿಖೇತ ರೋಗ ಅಂತಲೂ ಹೆಸರು. ಅಜ್ಜಿಯರ ಹತ್ರ ಅದಕ್ಕೆ ಮದ್ದಿರಲಿಲ್ಲ, ಈಗ ಲಸಿಕೆ ಐತೆ. ಮರಿಗೆ ಮೊದಲ ವಾರದಲ್ಲಿ ಹನಿ, 6ರಿಂದ 8 ವಾರಕ್ಕೆ ಚುಚ್ಚುಮದ್ದು. ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ.

ಹಳೇ ಮನೆಯನ್ನ ಗೂಡಿಗೆ ತರೋದು

ಹಳೇ ಮನೆ ವಾಪಸ್ ಬರಲ್ಲ. ಅದು ಮಾಡ್ತಿದ್ದ ಕೆಲಸವನ್ನ ಗೂಡಿಗೆ ತರಬಹುದು. ಗೂಡಿನ ಉದ್ದ ಮೂಡಲು-ಪಡುವಲು ಇರಲಿ, ಜಾಲರಿ ಬದಿ ತೆಂಕು-ಬಡಗು ಇರಲಿ. ಆಗ ಏರು ಬಿಸಿಲು, ಇಳಿ ಬಿಸಿಲು ಎರಡೂ ಒಳಗೆ ನುಗ್ಗಲ್ಲ, ನಾನು ಹೇಳಿದ ಎರಡು ಗಾಳಿಗೂ ಗೋಡೆ ಅಡ್ಡ ಸಿಗುತ್ತೆ. ಶೀಟಿನ ಮೇಲೆ ತೆಂಗಿನ ಗರಿ ಇಲ್ಲಾ ಅಡಿಕೆ ಸೋಗೆ ದಪ್ಪಗೆ ಹೊದಿಸಿ. ಆಗದಿದ್ರೆ ಸುಣ್ಣ ಬಳಿಯಿರಿ. ಒಳಗೆ ಅಡ್ಡಗೋಲು ಕಟ್ಟಿ, ಅದೇ ಅದರ ಕೊಂಬೆ. ಕೋಲಿನ ಮೇಲೆ ಕೂತ್ರೆ ಚಳಿಯಲ್ಲಿ ಕಾಲ್ಬೆರಳನ್ನ ಪುಕ್ಕದಲ್ಲಿ ಮುಚ್ಕೊಳ್ಳುತ್ತೆ.

ಬೇಸಿಗೆಯಲ್ಲಿ ಕಾಳು ಬೆಳಿಗ್ಗೆ ತಂಪು ಹೊತ್ತಲ್ಲಿ, ಆಮೇಲೆ ಸಂಜೆ. ತಿಂದದ್ದು ಅರಗುವಾಗ ಮೈ ಬಿಸಿ ಏರುತ್ತೆ, ಮಧ್ಯಾಹ್ನ ಹಾಕಬೇಡಿ. ಅದೇ ಕಾರಣಕ್ಕೆ ಚಳಿಗಾಲದ ಸಂಜೆ ಒಂದು ಹಿಡಿ ಜೋಳ ಜಾಸ್ತಿ ಹಾಕಿ. ನೀರು ಮಣ್ಣಿನ ಬಾನಿಯಲ್ಲಿ, ನೆರಳಲ್ಲಿ. ಒದ್ದೆ ಗೋಣಿಚೀಲ ಗಾಳಿ ಬರೋ ಬದಿಗೆ ಮಾತ್ರ ಕಟ್ಟಿ, ಸುತ್ತಲೂ ಮುಚ್ಚಿದ್ರೆ ಒಳಗೆ ತೇವ ನಿಂತು ತೇಕಿದ್ರೂ ಮೈ ತಣಿಯಲ್ಲ. ಬೇಸಿಗೆಯಲ್ಲಿ ಮೊಟ್ಟೆ ಚಿಪ್ಪು ತೆಳು ಬಂದ್ರೆ ತೇಕಾಟದ ಗುರುತು ಅಂತ ತಿಳೀರಿ, ಇನ್ನಷ್ಟು ನೆರಳು ಬೇಕು. ಬಳಲಿದ ಕೋಳಿ ಕಂಡ್ರೆ ಜುಟ್ಟು, ಕಾಲು ಒದ್ದೆ ಮಾಡಿ ನೆರಳಿಗೆ ಬಿಡಿ.

ಮರಿಗೆ ಮೊದಲ ವಾರ 35 ಡಿಗ್ರಿ ಹತ್ರ ಬಿಸಿ ಬೇಕು, ಆಮೇಲೆ ವಾರಕ್ಕೆ 3 ಡಿಗ್ರಿ ಇಳಿಸಿ. ಥರ್ಮಾಮೀಟರ್ ಬೇಡ. ಬಲ್ಬಿನ ಕೆಳಗೆ ಒತ್ತಿಕೊಂಡಿದ್ರೆ ಚಳಿ, ದೂರ ಓಡಿದ್ರೆ ಸೆಕೆ, ಹರಡಿಕೊಂಡು ಮಲಗಿದ್ರೆ ಸರಿಯಾಗೈತೆ. ಕರೆಂಟು ಹೋದ ರಾತ್ರಿಗೆ ಒಂದು ಕಾವು ಕೂರೋ ನಾಟಿ ಹ್ಯಾಟೆ ಮನೆಯಲ್ಲಿರಲಿ. ಹತ್ತು ಗಿರಿರಾಜ ಇದ್ರೂ ಅದನ್ನ ಮಾರಬೇಡಿ.

ಗೂಡಿನ ಪಕ್ಕ ಒಂದು ನುಗ್ಗೆ ಕಡ್ಡಿ ನೆಡಿ, ಬೇಗ ಬೆಳೆದು ನೆರಳು ಕೊಡುತ್ತೆ. ಗೂಡು ಕಟ್ಟೋ ಮುಂಚೆ ಮನೆಯಲ್ಲಿ ಅತ್ತೆ, ದೊಡ್ಡಮ್ಮ ಇದ್ರೆ ನಿಮ್ಮ ಕಾಲದಲ್ಲಿ ಕೋಳಿ ಎಲ್ಲಿ ಮಲಗ್ತಿತ್ತು ಅಂತ ಒಂದು ಮಾತು ಕೇಳಿ. ಬರೆದಿಡದ ಇತಿಹಾಸ ಅದು, ಅವರು ಇರೋ ತನಕ ಮಾತ್ರ ಸಿಗುತ್ತೆ.